ಐದು ಡಾಲರಿಗೊಂದು ಹೆಣ್ಣು



ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಜಗಳ ಆಮೇಲೆ.

ಜಾಗ, ನ್ಯೂಯಾರ್ಕಿನ ಸ್ಟಾರ್‌ಡಸ್ಟ್ ಎಂಬ ಡ್ಯಾನ್ಸ್ ಹಾಲು. ಶನಿವಾರ ರಾತ್ರಿ. ಒಬ್ಬ ಗಂಡಸು ಒಂಟಿಯಾಗಿ ನಿಂತಿರುವ ಇನ್ನೊಬ್ಬ ಗಂಡಸಿನ ಹತ್ತಿರ ಬರುತ್ತಾನೆ. ಇಬ್ಬರಿಗೂ ಪರಿಚಯವಿಲ್ಲ. ಬಂದವನು ನೇರ ವ್ಯಾಪಾರಕ್ಕಿಳಿಯುತ್ತಾನೆ. ತನಗೊಂದು 'ನಾಯಿ' ಗಂಟುಬಿದ್ದಿದೆಯಂತೆ, ಅಷ್ಟರಲ್ಲಿ ಹಳೇ ಪರಿಚಯದ ಹುಡುಗಿ ಸಿಕ್ಕಿದಾಳಂತೆ, ಈ ನಾಯಿಯನ್ನು ಮನೆ ಮುಟ್ಟಿಸಿಬಿಟ್ಟರೆ ಐದು ಡಾಲರು ಕೊಡ್ತಾನಂತೆ. ಆ 'ನಾಯಿ' ಇಪ್ಪತ್ತೊಂಬತ್ತು ವರ್ಷದ ಹೆಂಗಸು. ಹೆಸರು ಕ್ಲಾರಾ. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಟೀಚರು. ತನಗೆ ಬೆಲೆ ಕಟ್ಟುತ್ತಿರುವುದು ಗೊತ್ತಿಲ್ಲದೆ ಸ್ವಲ್ಪ ದೂರದಲ್ಲೇ ಇದ್ದಾಳೆ.

ಇದು 1955ರ ಅಮೆರಿಕದ ಸಿನಿಮಾ 'ಮಾರ್ಟಿ'ಯ ಒಂದು ದೃಶ್ಯ. ಬರೆದವನು ಬ್ರಾಂಕ್ಸ್‌ನಲ್ಲೇ ಹುಟ್ಟಿದ ಪ್ಯಾಡಿ ಚಯೆಫ್‌ಸ್ಕಿ. ನಿರ್ದೇಶಕ ಡೆಲ್ಬರ್ಟ್ ಮ್ಯಾನ್. ದೊಡ್ಡ ಸ್ಟುಡಿಯೋಗಳ ಹಂಗಿಲ್ಲದೆ ಹೆಕ್ಟ್-ಲ್ಯಾಂಕಾಸ್ಟರ್ ಎಂಬ ಸ್ವತಂತ್ರ ಕಂಪನಿ ಸುಮಾರು ಮೂರೂವರೆ ಲಕ್ಷ ಡಾಲರಿನಲ್ಲಿ ತೆಗೆದ, ಒಂದೂವರೆ ಗಂಟೆಯ, ಕಪ್ಪು ಬಿಳುಪಿನ ಚಿತ್ರ. ಬಣ್ಣ ಇಲ್ಲ, ಕುದುರೆ ಇಲ್ಲ, ಕೋಟೆ ಇಲ್ಲ. ಮಾಂಸದಂಗಡಿಯಲ್ಲಿ ಮಾಂಸ ಕಡಿಯುವ ಮೂವತ್ನಾಲ್ಕರ ಮಾರ್ಟಿ, ಮತ್ತು ಈ ಕ್ಲಾರಾ. ಅದೇ ವರ್ಷ ಕಾನ್ ಚಿತ್ರೋತ್ಸವದವರು 'ಪಾಮ್ ದೋರ್' ಹೆಸರಿನ ಪ್ರಶಸ್ತಿಯನ್ನು ಮೊಟ್ಟಮೊದಲು ಕೊಟ್ಟದ್ದು ಇದಕ್ಕೇ. 1956ರಲ್ಲಿ ನಾಲ್ಕು ಆಸ್ಕರ್ ಬಂದವು.

ಈ ಸಿನಿಮಾವನ್ನು ಮೊನ್ನೆ ಒಂದು ಭಾನುವಾರ ಸಂಜೆ ನಮ್ಮ ಊರಿನ ಹೈಸ್ಕೂಲಿನ ಕೋಣೆಯಲ್ಲಿ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ತಂದು ತೋರಿಸಿದೆವು. ಮೇಷ್ಟ್ರುಗಳು, ಕಾಲೇಜು ಹುಡುಗರು, ನಾಲ್ಕಾರು ಜನ ಟೀಚರಮ್ಮಂದಿರು, ಎಲ್ಲ ಸೇರಿ ಮೂವತ್ತು ಜನ. ಮಾರ್ಟಿ ಬಿಳಿ ಅಂಗಿ ತೊಟ್ಟು ಕತ್ತಿ ಹಿಡಿದು ನಿಂತಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಾಕೆ ನಕ್ಕರು ಅಂತ ಈ ಪತ್ರಿಕೆ ಓದುವವರಿಗೆ ವಿವರಿಸಬೇಕಾಗಿಲ್ಲ. ಪರದೆಯ ಮೇಲಿನ ಗಿರಾಕಿಗಳು ಮಾತ್ರ ಮೂಗು ಮುಚ್ಚಿಕೊಳ್ಳಲಿಲ್ಲ. ಅವರಿಗೆ ಅವನ ಕೆಲಸದ ತಕರಾರಿಲ್ಲ. ಅವರ ತಕರಾರೇ ಬೇರೆ: ನಿನ್ನ ತಮ್ಮನ ಮದುವೆಯೂ ಆಯ್ತು, ನಿನ್ನದು ಯಾವಾಗ, ನಾಚಿಕೆಯಾಗಲ್ವಾ? ಮಾಂಸ ಕಟ್ಟಿಸಿಕೊಳ್ಳೋದು, ಬೈಯೋದು. ಮುಂದಿನ ಹೆಂಗಸು ಬರೋದು, ಅದೇ ಮಾತು.

ಸಿನಿಮಾ ಮುಗಿದ ಮೇಲೆ ಚರ್ಚೆ. ನಮ್ಮ ಕಡೆಯ ಹಿರಿಯ ಸಾಹಿತಿಗಳೊಬ್ಬರು ಎದ್ದು ನಿಂತರು. ಅವರು ಹೇಳಿದ್ದರ ಸಾರ ಇಷ್ಟು: ಇದು ಶುದ್ಧ ಪ್ರೇಮಕಥೆ, ಇದರಲ್ಲಿ ವರ್ಗವಿಲ್ಲ, ರಾಜಕೀಯವಿಲ್ಲ, ಘೋಷಣೆಯಿಲ್ಲ, ಇಬ್ಬರು ಸಾಮಾನ್ಯರು ಒಬ್ಬರನ್ನೊಬ್ಬರು ಕಂಡುಕೊಳ್ಳುವ ಸರಳ ಮಾನವೀಯತೆ ಇದೆ, ಸದಾ ಬೊಬ್ಬೆ ಹೊಡೆಯುವ ನಿಮ್ಮ ಬಂಡಾಯದವರು ಇಂಥದ್ದನ್ನು ನೋಡಿ ಕಲಿಯಬೇಕು.

ಕಲಿಯೋಣ ಸ್ವಾಮಿ. ಅದಕ್ಕೇ ಬರೀತಾ ಇದ್ದೇನೆ.

ಹೆಣ್ಣೊಬ್ಬಳನ್ನು ಐದು ಡಾಲರಿಗೆ ದಾಟಿಸುವ ವ್ಯಾಪಾರ ಕಣ್ಣೆದುರಿಗೇ ನಡೆದರೂ ಅದರಲ್ಲಿ ರಾಜಕೀಯ ಕಾಣದ ಕಣ್ಣನ್ನು ಏನೆಂದು ಕರೆಯೋಣ? ಅಲ್ಲಿಯವರು ಇಂಥ ಭೇಟಿಗೆ 'ಬ್ಲೈಂಡ್ ಡೇಟ್' ಅಂತಾರೆ. ಮೊದಲು ಮುಖ ಕಾಣದ ಗಂಡು ಹೆಣ್ಣನ್ನು ಮೂರನೆಯವರು ಗೊತ್ತುಮಾಡಿ ಒಂದು ಸಂಜೆ ಜೊತೆಯಲ್ಲಿ ಕಳಿಸೋದು. ಕುರುಡು ಭೇಟಿ. ಯಾರ ಕಣ್ಣು ಕುರುಡು ಇಲ್ಲಿ? ಗಂಡಸಿನ ಕಣ್ಣು ಚೆನ್ನಾಗೇ ಕೆಲಸ ಮಾಡುತ್ತಿದೆ. ಮುಖ ನೋಡಿದ, ಮೈ ನೋಡಿದ, ವಯಸ್ಸು ಅಂದಾಜು ಮಾಡಿದ, ಬೆಲೆ ಕಟ್ಟಿದ. ಕುರುಡಾಗಿರಬೇಕಾದ್ದು ಅವಳೊಬ್ಬಳೇ. ಅವನು ಎಂಥವನು ಅಂತ ಅವಳು ನೋಡಬಾರದು, ಕೇಳಬಾರದು, ನೋಡಿದರೂ ಬಾಯಿಬಿಡಬಾರದು. ಆ ಲೆಕ್ಕಕ್ಕೆ ನಮ್ಮವರೇ ವಾಸಿ. ನಮ್ಮಲ್ಲಿ ಅದಕ್ಕೆ 'ಹೆಣ್ಣು ನೋಡೋದು' ಅಂತಾರೆ. ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು ಅನ್ನೋದು ಹೆಸರಲ್ಲೇ ಇದೆ.

ಈ ಮಾತು ನನ್ನದಲ್ಲ. ಅವತ್ತು ಸಾಹಿತಿಗಳು ಕೂತ ಮೇಲೆ ಪಕ್ಕದ ಹಳ್ಳಿಯ ಪ್ರೈಮರಿ ಶಾಲೆಯ ಟೀಚರೊಬ್ಬರು ಎದ್ದು ಹೇಳಿದ್ದು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ನಮ್ಮ ಸಭೆಗಳಲ್ಲಿ ಹಿಂದೆ ಕೂತು ಕೇಳಿಸಿಕೊಂಡು ಹೋಗುವವರು. "ನನ್ನ ಹನ್ನೊಂದು ಸಲ ನೋಡಿದಾರೆ ಸಾರ್," ಅಂದರು. "ಐದು ಡಾಲರು ಅವರು ಯಾರೂ ಕೊಡಲಿಲ್ಲ. ಉಪ್ಪಿಟ್ಟು ಕೇಸರಿಬಾತಿನ ಖರ್ಚು ನಮ್ಮಪ್ಪಂದೇ." ಕೋಣೆಯಲ್ಲಿ ಒಂದಿಬ್ಬರು ನಕ್ಕರು, ಆಮೇಲೆ ನಗು ನಿಂತುಹೋಯಿತು. ಸಾಹಿತಿಗಳು ಕನ್ನಡಕ ಒರೆಸಿಕೊಂಡರು.

ಇನ್ನು ಆ ಪದಕ್ಕೆ ಬರೋಣ. ನಾಯಿ. ಅಮೆರಿಕದ ಆಡುಮಾತಿನಲ್ಲಿ, ನೋಡಲು ಚೆನ್ನಾಗಿಲ್ಲದ ಹೆಣ್ಣಿಗೆ ಇಟ್ಟ ಹೆಸರು. ನಮ್ಮಲ್ಲಿ ಗೂಬೆ ಅಂತಾರೆ, ಇಜ್ಜಲು ಅಂತಾರೆ, ಇನ್ನೂ ಏನೇನೋ ಅಂತಾರೆ. ಒಂದು ಸಮಾಜ ಯಾರನ್ನು ಯಾವ ಪ್ರಾಣಿಯ ಹೆಸರಿನಿಂದ ಕರೆಯುತ್ತದೆ ಎಂಬುದನ್ನು ನೋಡಿದರೆ ಸಾಕು, ಅಲ್ಲಿ ಯಾರು ಯಾರ ತಲೆಯ ಮೇಲೆ ಕೂತಿದ್ದಾರೆ ಅನ್ನೋದು ತಿಳಿಯುತ್ತೆ. ಈ ಚಿತ್ರದಲ್ಲಿ ಆ ಪದವನ್ನು ಆಡುವವರು ಯಾರು? ಬ್ಯಾಂಕಿನ ಮಾಲೀಕರಲ್ಲ, ಕಾರ್ಖಾನೆಯ ಧಣಿಗಳಲ್ಲ. ಮಾರ್ಟಿಯ ಗೆಳೆಯರು. ಅವನ ಹಾಗೇ ವಲಸೆ ಬಂದ ಇಟಲಿಯವರ ಮಕ್ಕಳು, ದುಡಿದು ತಿನ್ನುವ ಜನ. ಶನಿವಾರ ಭಾನುವಾರ ಬಂದರೆ ಒಂದೇ ಪ್ರಶ್ನೆ: ಇವತ್ತು ಏನ್ ಮಾಡೋಣ? ನೀನ್ ಹೇಳು. ಇಲ್ಲ, ನೀನೇ ಹೇಳು. ಇದು ಮುಗಿಯುವುದಿಲ್ಲ. ಬೇಜಾರು ಕಳೆಯಲು ಮಿಕಿ ಸ್ಪಿಲೇನನ ಪತ್ತೇದಾರಿ ಕಾದಂಬರಿ ಓದುತ್ತಾರೆ. ಅದರಲ್ಲಿ ಗಂಡಸು ಹೆಣ್ಣನ್ನು ಮೋಹಿಸುತ್ತಾನೆ, ಗುಂಡಿಟ್ಟು ಕೊಲ್ಲುತ್ತಾನೆ. ಎಂಥಾ ಬರವಣಿಗೆಯಪ್ಪಾ ಇವನದು ಅಂತ ಇವರು ಬಾಯಿ ಚಪ್ಪರಿಸುತ್ತಾರೆ.

ಇಡೀ ವಾರ ಯಾರದೋ ಅಂಗಡಿಯಲ್ಲಿ ಯಾರದೋ ಲೆಕ್ಕಕ್ಕೆ ದುಡಿದವನು ವಾರದ ಕೊನೆಗೆ ತಾನೂ ಒಬ್ಬ ಧಣಿಯಾಗಬೇಕು. ಆಗೋದು ಹ್ಯಾಗೆ? ಬೆಲೆ ಕಟ್ಟುವುದಕ್ಕೆ ಇನ್ನೊಂದು ಜೀವ ಸಿಕ್ಕರೆ ಆಯ್ತು. ದುಡ್ಡಿಲ್ಲದವನ ಕೈಯಲ್ಲೂ ಚಲಾವಣೆಯಾಗುವ ನಾಣ್ಯ ಇದು. ಹೆಣ್ಣನ್ನು ನಾಯಿ ಎಂದವನು ಒಂದು ಗಳಿಗೆಯ ಮಟ್ಟಿಗೆ ಮನುಷ್ಯನಾದೆನೆಂದು ತಿಳಿಯುತ್ತಾನೆ. ನಮ್ಮ ಕೇರಿಗಳಲ್ಲಿ ಇದು ಇಲ್ಲವೆ? ಹಗಲೆಲ್ಲ ಗೌಡನ ಮುಂದೆ ಕೈಕಟ್ಟಿ ನಿಂತವನು ರಾತ್ರಿ ಹಟ್ಟಿಗೆ ಬಂದು ಯಾರ ಮೇಲೆ ಕೈ ಎತ್ತುತ್ತಾನೆ? ನಾವು ಇದನ್ನು ಪದ್ಯದಲ್ಲಿ ಬರೆದಿದ್ದೇವೆ, ಸಭೆಯಲ್ಲಿ ಮಾತಾಡಿದ್ದು ಕಡಿಮೆ.

ಚಯೆಫ್‌ಸ್ಕಿಗೆ ಈ ಕಥೆ ಹೊಳೆದದ್ದು ಹ್ಯಾಗೆ ಅನ್ನೋದು ಕೇಳುವಂಥದ್ದು. ಸಿನಿಮಾಕ್ಕೆ ಮೊದಲು, 1953ರಲ್ಲಿ, ಇದು ಟೆಲಿವಿಷನ್ ನಾಟಕವಾಗಿತ್ತು. ಮಾರ್ಟಿಯಾಗಿ ರಾಡ್ ಸ್ಟೈಗರ್ ನಟಿಸಿದ್ದ. ಅದಕ್ಕೂ ಮುಂಚೆ ಬೇರೊಂದು ನಾಟಕದ ತಾಲೀಮು ಹೋಟೆಲೊಂದರ ಡ್ಯಾನ್ಸ್ ಹಾಲಿನಲ್ಲಿ ನಡೀತಿತ್ತು. ಅಲ್ಲಿ ಗೋಡೆಗೆ ಒಂದು ಫಲಕ ಹಾಕಿದ್ದರು. ಹುಡುಗಿಯರೇ, ಯಾರು ಕರೆದರೂ ಅವರ ಜೊತೆ ಕುಣಿಯಿರಿ, ಗಂಡಸರಿಗೂ ಮನಸ್ಸಿದೆ ಎಂಬರ್ಥದ ಫಲಕ. ಅದನ್ನು ಕಂಡ ಚಯೆಫ್‌ಸ್ಕಿಗೆ ಯಾರೂ ಕುಣಿಯಲು ಒಪ್ಪದ ಗಂಡಸಿನ ನೋವು ಹೊಳೆಯಿತು. ಆ ನೋವು ಸುಳ್ಳಲ್ಲ. ಚಿತ್ರದಲ್ಲಿ ಮಾರ್ಟಿ ಒಬ್ಬ ಹುಡುಗಿಗೆ ಫೋನ್ ಮಾಡುತ್ತಾನೆ, ಹಿಂದೊಮ್ಮೆ ಸಿನಿಮಾ ಟಾಕೀಸಿನಲ್ಲಿ ಪರಿಚಯವಾದವಳು. ಕ್ಯಾಮೆರಾ ಮೆಲ್ಲಗೆ ಅವನ ಮುಖದ ಹತ್ತಿರ ಹೋಗುತ್ತೆ. ಆ ಕಡೆಯ ಮಾತು ನಮಗೆ ಕೇಳಿಸುವುದಿಲ್ಲ. ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ, ಅಷ್ಟೆ. ಬೇಡವೆನ್ನಿಸಿಕೊಳ್ಳುವುದು ಏನೆಂದು ಗೊತ್ತಿರುವ ಯಾರೂ ಅಲ್ಲಿ ನಗಲಾರರು. ನಮ್ಮ ಹಿಂದಿನ ಬೆಂಚೂ ಸುಮ್ಮನಾಯಿತು.

ಆದರೆ ಫಲಕವನ್ನು ಇನ್ನೊಂದು ಸಲ ಓದಿ. ಕ್ಲಾರಾಗೂ ಮನಸ್ಸಿದೆ ಅಂತ ಗಂಡಸರಿಗೆ ಹೇಳುವ ಫಲಕ ಯಾವ ಗೋಡೆಯ ಮೇಲಿತ್ತು?

ಐದು ಡಾಲರನ್ನು ಮಾರ್ಟಿ ತೆಗೆದುಕೊಳ್ಳುವುದಿಲ್ಲ. ಒಂದು ಹುಡುಗಿಯನ್ನು ಹಾಗೆ ಬಿಟ್ಟುಹೋಗಬಾರದು ಅಂತ ಆ ಅಪರಿಚಿತನಿಗೇ ಹೇಳುತ್ತಾನೆ. ಅವನು ಇನ್ನೊಬ್ಬನನ್ನು ಹಿಡಿಯುತ್ತಾನೆ, ಆ ಇನ್ನೊಬ್ಬ ಒಪ್ಪುತ್ತಾನೆ. ಒಪ್ಪದವಳು ಕ್ಲಾರಾ. ಇದನ್ನು ದಯವಿಟ್ಟು ಮರೆಯಬೇಡಿ. ಸಿನಿಮಾದ ಮೊದಲ ಬಂಡಾಯ ಅವಳದು. ಹೊಸದಾಗಿ ತಂದು ನಿಲ್ಲಿಸಿದ ಗಂಡಸಿನ ಜೊತೆ ಹೋಗಲ್ಲ ಅಂತ ಹೇಳಿ ಹೊರಗೆ ಹೋಗಿ ಒಬ್ಬಳೇ ಅಳುತ್ತಾಳೆ. ಮಾರ್ಟಿ ಹಿಂದೆಯೇ ಹೋಗಿ, ಕುಣಿಯೋಣವಾ ಅಂತ ಕೇಳುತ್ತಾನೆ. ಆಮೇಲಿನ ರಾತ್ರಿಯೆಲ್ಲ ಮಾತು. ಅವನು ತನ್ನ ಅಪ್ಪ ಸತ್ತದ್ದು, ಸೈನ್ಯದಿಂದ ಬಂದ ಮೇಲೆ ಸಾಯಬೇಕು ಅನ್ನಿಸಿದ್ದು ಹೇಳಿಕೊಳ್ಳುತ್ತಾನೆ. ಅವಳಿಗೆ ಬೇರೆ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ವಿಭಾಗದ ಮುಖ್ಯಸ್ಥೆಯ ಕೆಲಸ ಸಿಗುವಂತಿದೆ, ಅಪ್ಪ ಅಮ್ಮನ ಮನೆ ಬಿಟ್ಟು ಹೋಗಲು ಅಂಜಿಕೆ. ಹೋಗು ಅನ್ನುತ್ತಾನೆ ಇವನು. ಇವನಿಗೆ ಯಜಮಾನನ ಮಾಂಸದಂಗಡಿಯನ್ನು ಕೊಂಡುಕೊಳ್ಳಬೇಕೋ ಬೇಡವೋ ಅನ್ನೋ ಅನುಮಾನ. ಕೊಂಡುಕೋ ಅನ್ನುತ್ತಾಳೆ ಅವಳು. ಚಂದ್ರ, ಹೂವು, ಗುಲಾಬಿ ಕೆನ್ನೆ ಯಾವುದೂ ಇಲ್ಲ. ದುಡಿಯುವ ಇಬ್ಬರು ಒಬ್ಬರ ದುಡಿಮೆಯ ಬಗ್ಗೆ ಇನ್ನೊಬ್ಬರು ಕಾಳಜಿಯಿಂದ ಕೇಳುತ್ತಾರೆ. ಈ ಚಿತ್ರದಲ್ಲಿ ನಾನು ತಲೆಬಾಗುವ ಜಾಗ ಇದೊಂದು. ನಮ್ಮ ಕನ್ನಡ ಸಿನಿಮಾಗಳ ಎಷ್ಟು ಯುಗಳಗೀತೆಗಳಲ್ಲಿ ನಾಯಕಿಯ ಕೆಲಸ ಏನು ಅಂತ ನಾಯಕ ಕೇಳಿದ್ದಾನೆ, ನೀವೇ ಎಣಿಸಿ ಹೇಳಿ.

ಹಾಗಂತ ಮಾರ್ಟಿಯನ್ನು ದೇವರು ಮಾಡಬೇಕಾಗಿಲ್ಲ. ಅದೇ ರಾತ್ರಿ ತನ್ನ ಮನೆಯಲ್ಲಿ ಅವನು ಅವಳನ್ನು ಮುತ್ತಿಡಲು ಹೋಗುತ್ತಾನೆ. ಅವಳು ಬೇಡ ಅನ್ನುತ್ತಾಳೆ. ಆಗ ಈ ಸಾಧು ಮನುಷ್ಯ ಸಿಡಿದೇಳುತ್ತಾನೆ. ಕೇಳಿದ್ದು ಒಂದು ಮುತ್ತು ತಾನೇ, ಅದೂ ಸಿಗಲ್ವಾ ಅನ್ನುವ ಕೂಗು. ಜೀವನವಿಡೀ ಬೇಡವೆನ್ನಿಸಿಕೊಂಡವನ ಸಾಲವನ್ನು ಆ ಒಂದು ರಾತ್ರಿ ಆ ಒಬ್ಬ ಹೆಣ್ಣು ತೀರಿಸಬೇಕು! ಡ್ಯಾನ್ಸ್ ಹಾಲಿನಲ್ಲಿ ಐದು ಡಾಲರು ಮುಟ್ಟದವನ ಎದೆಯಲ್ಲೂ ಒಂದು ಚಿಕ್ಕ ಖಾತೆಪುಸ್ತಕ ಇತ್ತು ಅಂತ ಆಯ್ತು. ಚಿತ್ರ ಇದನ್ನು ಮುಚ್ಚಿಡುವುದಿಲ್ಲ, ಅದು ಅದರ ಪ್ರಾಮಾಣಿಕತೆ. ಆದರೆ ಆ ಕ್ಷಣದಲ್ಲಿ ಸಮಾಧಾನ ಹೇಳುವವಳು ಕ್ಲಾರಾ. ಅವನ ಕೋಪಕ್ಕೆ ಅವಳು ಸಮಜಾಯಿಷಿ ಕೊಡಬೇಕು, ನೀನು ಇಷ್ಟವಾಗಿದೀಯ ಅಂತ ಅವಳೇ ಹೇಳಬೇಕು.

ಅಷ್ಟರಲ್ಲಿ ಮಾರ್ಟಿಯ ತಾಯಿ ಬರುತ್ತಾಳೆ. ನಮ್ಮ ಸಾಹಿತಿಗಳು ಈ ತಾಯಿಯನ್ನು ವಾತ್ಸಲ್ಯಮೂರ್ತಿ ಅಂದರು. ಇರಬಹುದು. ಮಗನಿಗೆ ಹೆಣ್ಣು ಸಿಗಲಿ ಅಂತ ಡ್ಯಾನ್ಸ್ ಹಾಲಿಗೆ ಅಟ್ಟಿದವಳೇ ಅವಳು. ಹೆಣ್ಣು ಸಿಕ್ಕ ಮಾರನೆ ದಿನ ಅದೇ ಬಾಯಲ್ಲಿ ಬೇಡ ಅನ್ನುತ್ತಾಳೆ. ಕಾರಣ? ಹುಡುಗಿ ಇಟಲಿಯವಳಲ್ಲ. ಕಾಲೇಜು ಓದಿದವಳು ಬೇರೆ. ಮಾರ್ಟಿಯ ದೊಡ್ಡಮ್ಮ ಕ್ಯಾಥರಿನ್ ಪ್ರಕಾರ ಕಾಲೇಜು ಓದಿದ ಹುಡುಗಿಯರು ಬೀದಿಗೆ ಬೀಳೋದಕ್ಕೆ ಒಂದೇ ಹೆಜ್ಜೆ. 'ನಮ್ಮವರಲ್ಲ', 'ಓದಿದವಳು'. ಈ ಎರಡು ಮಾತು ಕೇಳಿದಾಗ ನಮ್ಮ ಕೋಣೆಯಲ್ಲಿ ಯಾರಿಗೂ ಕೆಳಗಿನ ಅಕ್ಷರ ಓದುವ ಗರಜು ಬೀಳಲಿಲ್ಲ.

ಆದರೆ ಆ ಮುದುಕಿಯರನ್ನು ಬೈದು ಕೈತೊಳೆದುಕೊಳ್ಳೋಕ್ಕೂ ಆಗಲ್ಲ. ಕ್ಯಾಥರಿನ್ ವಿಧವೆ. ಮಗ ಸೊಸೆಯ ಮನೆಯಲ್ಲಿ ಹೊಂದಿಕೆಯಾಗದೆ ತಂಗಿಯ ಮನೆಗೆ ಗಂಟುಮೂಟೆ ಸಮೇತ ಬಂದವಳು. ಅಡಿಗೆಮನೆ ತನ್ನದಲ್ಲ ಅಂದಮೇಲೆ ಬದುಕು ತನ್ನದಲ್ಲ ಅನ್ನೋದು ಅವಳಿಗೆ ಗೊತ್ತು. ಮಾರ್ಟಿಯ ತಾಯಿಗೆ ಅಕ್ಕನಲ್ಲಿ ತನ್ನ ನಾಳೆ ಕಾಣುತ್ತಿದೆ. ಹುಡುಗಿ ಬಂದರೆ ತಾನು ಹೊರಗೆ. ಅವಳು ಬೇಡ ಅನ್ನುತ್ತಿರುವುದು ಕ್ಲಾರಾಳನ್ನಲ್ಲ, ತನ್ನ ಮುದಿವಯಸ್ಸಿನ ನಿರ್ಗತಿಕತೆಯನ್ನು. ಅದನ್ನು ಹಾಗೆ ಹೇಳಲು ಬಾಯಿ ಬರೋದಿಲ್ಲ, 'ನಮ್ಮ ಜನ ಅಲ್ಲ' ಅನ್ನಲು ಬರುತ್ತೆ. ಜನಾಂಗ, ಕುಲ, ಮನೆತನ ಅನ್ನೋ ದೊಡ್ಡ ಮಾತುಗಳ ಬುಡದಲ್ಲಿ ಎಷ್ಟೋ ಸಲ ಒಂದು ಮಂಚ, ಒಂದು ಒಲೆ, ಎರಡು ಹೊತ್ತಿನ ಊಟದ ಪ್ರಶ್ನೆ ಇರುತ್ತದೆ. ಇದನ್ನು ತೋರಿಸುವ ಚಿತ್ರದಲ್ಲಿ ರಾಜಕೀಯ ಇಲ್ಲವಂತೆ!

ಈಗ ಪರದೆಯ ಹೊರಗೆ ಬನ್ನಿ. ಕ್ಲಾರಾ ಆಗಿ ನಟಿಸಿದ ಬೆಟ್ಸಿ ಬ್ಲೇರ್ ನೋಡಲು ಚೆನ್ನಾಗೇ ಇದ್ದರು. ಸಾದಾ ಉಡುಪು ತೊಡಿಸಿ, ಇವಳು ಕುರೂಪಿ ಅಂತ ನಮ್ಮನ್ನು ನಂಬಿಸಲಾಗುತ್ತದೆ. ಇದು ಸಿನಿಮಾದವರ ಪುಕ್ಕಲುತನ. ಮಾರ್ಟಿಗೆ ಬೇಕಾದಾಗ ಎರ್ನೆಸ್ಟ್ ಬೋರ್ಗ್‌ನೈನ್ ಸಿಕ್ಕ. ಎರಡೇ ವರ್ಷದ ಹಿಂದೆ ಇನ್ನೊಂದು ಚಿತ್ರದಲ್ಲಿ ಜೈಲಿನ ಕ್ರೂರ ಸಾರ್ಜೆಂಟಾಗಿ ಜನರನ್ನು ನಡುಗಿಸಿದ್ದವನು, ದಪ್ಪ ದೇಹ, ಅಗಲ ಮುಖ. ಗಂಡಸು ನಿಜಕ್ಕೂ ಹೇಗಿದ್ದರೂ ನಾಯಕನಾಗಬಹುದು. ಹೆಣ್ಣಿನ ಕುರೂಪವನ್ನು ತೋರಿಸುವುದಕ್ಕೂ ಸುಂದರಿಯೇ ಬೇಕು.

ಅದಿರಲಿ, ಈ ಬ್ಲೇರ್ ಅವರಿಗೆ ಈ ಪಾತ್ರ ಸಲೀಸಾಗಿ ಸಿಗಲಿಲ್ಲ. ಎಡಪಂಥೀಯರ ಜೊತೆ ಗುರುತಿಸಿಕೊಂಡವರೆಂಬ ಕಾರಣಕ್ಕೆ ಹಾಲಿವುಡ್ಡಿನ 'ಕಪ್ಪುಪಟ್ಟಿ'ಯಲ್ಲಿ ಆಕೆಯ ಹೆಸರಿತ್ತು. (ಕೆಟ್ಟದ್ದಕ್ಕೆಲ್ಲ ಕಪ್ಪು ಬಣ್ಣವೇ ಬೇಕು ಇವರಿಗೆ.) ಕಮ್ಯುನಿಸ್ಟ್ ಬೇಟೆಯ ಕಾಲ ಅದು. 1947ರಿಂದ ಶುರುವಾದ ವಿಚಾರಣೆಗಳಲ್ಲಿ ಎಷ್ಟೋ ಬರಹಗಾರರು, ನಟರು ಕೆಲಸ ಕಳೆದುಕೊಂಡರು. ಆಕೆಗೆ ಪಾತ್ರ ದಕ್ಕಿದ್ದು ಯಾರಿಂದ? ಆಗಿನ ಗಂಡ, ದೊಡ್ಡ ತಾರೆ ಜೀನ್ ಕೆಲ್ಲಿಯಿಂದ. ಹೆಂಡತಿಗೆ ಈ ಪಾತ್ರ ಕೊಡಿಸದಿದ್ದರೆ ನಾನು ನಿಮ್ಮ ಶೂಟಿಂಗಿಗೆ ಬರೋದಿಲ್ಲ ಅಂತ ಆತ ಎಂಜಿಎಂ ಸ್ಟುಡಿಯೋದವರನ್ನು ಹೆದರಿಸಿದ. ಆಮೇಲೆ ಬಾಗಿಲು ತೆರೆಯಿತು. ಒಳಗೆ ಮುಖ ಚೆನ್ನಾಗಿಲ್ಲ ಅಂತ ಬೇಡವಾದ ಹೆಂಗಸಿನ ಕಥೆ, ಹೊರಗೆ ವಿಚಾರ ಚೆನ್ನಾಗಿಲ್ಲ ಅಂತ ಬೇಡವಾದ ಹೆಂಗಸಿನ ಕಥೆ. ಎರಡು ಕಡೆಯೂ ಪಾಸು ಮಾಡಿಸಲು ಒಬ್ಬ ಗಂಡಸೇ ಬರಬೇಕಾಯಿತು. ಪ್ರಶಸ್ತಿಯ ಹೊತ್ತಿನಲ್ಲಿ ಬೋರ್ಗ್‌ನೈನ್ ಶ್ರೇಷ್ಠ ನಟ. ಬ್ಲೇರ್ ಹೆಸರು ಸೂಚಿತವಾದದ್ದು ಪೋಷಕ ನಟಿ ವಿಭಾಗದಲ್ಲಿ. ಇಬ್ಬರ ಪ್ರೇಮಕಥೆಯಲ್ಲಿ ಒಬ್ಬರು ನಾಯಕ, ಇನ್ನೊಬ್ಬರು ಪೋಷಕ! ಸರಳ ಮಾನವೀಯತೆಯ ಲೆಕ್ಕ ಹೀಗಿರುತ್ತೆ ಸ್ವಾಮಿ.

ಬ್ಲೇರ್ ಯೂರೋಪಿಗೆ ಹೋದರು. ಅಲ್ಲಿ 1956ರಲ್ಲಿ ಆಕೆ ನಟಿಸಿದ ಸ್ಪೇನಿನ ಚಿತ್ರ 'ಕಾಯೆ ಮಯೋರ್', ಅಂದರೆ ಪೇಟೆಬೀದಿ. ನಿರ್ದೇಶಕ ಹುವಾನ್ ಆಂತೋನಿಯೊ ಬಾರ್ದೆಮ್. ಫ್ರಾಂಕೊನ ಸರ್ವಾಧಿಕಾರದ ಕಾಲ. ಶೂಟಿಂಗ್ ನಡುವೆಯೇ ಪೊಲೀಸರು ಬಾರ್ದೆಮ್‌ನನ್ನು ಹಿಡಿದುಕೊಂಡು ಹೋದರು. ಕಥೆ ಹೀಗೆ: ಸಣ್ಣ ಊರು. ಬ್ಲೇರ್ ಇಲ್ಲಿ ಇಸಬೆಲ್, ವಯಸ್ಸು ಮೂವತ್ತೈದು, ಮದುವೆಯಾಗಿಲ್ಲ. ಊರಿನ ಗಂಡಸರ ಗುಂಪಿಗೆ ಬೇಜಾರು. ಇವತ್ತು ಏನ್ ಮಾಡೋಣ? ನೀನ್ ಹೇಳು, ನೀನ್ ಹೇಳು. ಬ್ರಾಂಕ್ಸಿನ ಅದೇ ಕಾಯಿಲೆ. ಇವರು ಮದ್ದು ಕಂಡುಹಿಡಿದರು. ಗುಂಪಿನ ಹುವಾನ್ ಅನ್ನುವವನು ಇಸಬೆಲ್‌ಳನ್ನು ಪ್ರೀತಿಸುವ ಹಾಗೆ ನಟಿಸಬೇಕು, ಮದುವೆಯ ಮಾತಾಡಬೇಕು, ಉಳಿದವರು ನಗಬೇಕು. ಅವಳು ನಂಬುತ್ತಾಳೆ. ಊರೆಲ್ಲ ಸುದ್ದಿ. ಕೊನೆಗೆ ಒಬ್ಬ ಸ್ನೇಹಿತ ಬಂದು ನಿಜ ಹೇಳಿ, ರೈಲು ಹತ್ತು, ಈ ಊರು ಬಿಟ್ಟು ಹೋಗು ಅನ್ನುತ್ತಾನೆ. ರೈಲ್ವೆ ಸ್ಟೇಷನ್ನಿನವರೆಗೆ ಹೋದವಳು ಹತ್ತುವುದಿಲ್ಲ. ಮಳೆಯಲ್ಲಿ ಅದೇ ಪೇಟೆಬೀದಿಯ ಮೇಲೆ ವಾಪಸು ಮನೆಗೆ. ಅದೇ ನಟಿ, ಅದೇ ಮುಖ, ಒಂದು ವರ್ಷದ ಅಂತರ. ಅಮೆರಿಕದಲ್ಲಿ ಸುಖಾಂತ, ಸ್ಪೇನಿನಲ್ಲಿ ಕಿಟಕಿ.

ನಮ್ಮ ಸಾಹಿತಿಗಳಿಗೆ ನಾನು ಕೇಳೋದು ಇಷ್ಟೆ. 'ಮಾರ್ಟಿ' ಸರಳ ಕಥೆಯಾದರೆ ಈ ಸ್ಪೇನಿನದೇನು ಕ್ಲಿಷ್ಟ ಕಥೆಯೆ? ಎರಡೂ ಒಂದೇ ಕಥೆ. ಗಂಡಸರ ಗುಂಪು ಹೆಣ್ಣಿಗೆ ಬೆಲೆ ಕಟ್ಟುತ್ತದೆ. ಗುಂಪಿನಿಂದ ಒಬ್ಬ ಹೊರಗೆ ಬಂದರೆ ಅದು 'ಮಾರ್ಟಿ', ಬರದಿದ್ದರೆ ಅದು 'ಕಾಯೆ ಮಯೋರ್'. ಹುವಾನ್‌ಗೂ ಮನಸ್ಸು ಕುಟುಕುತ್ತದೆ, ಆದರೆ ಗೆಳೆಯರ ಮುಂದೆ ಹೇಳುವ ಧೈರ್ಯವಿಲ್ಲ. ಪ್ರೇಮ ಹೃದಯದಲ್ಲಿ ಹುಟ್ಟುತ್ತೆ ಅಂತ ಬರೆಯುತ್ತೀರಿ. ಹುಟ್ಟಲಿ. ಅದು ಸಾಯೋದು ಸ್ನೇಹಿತರ ಕಟ್ಟೆಯ ಮೇಲೆ.

ಮಾರ್ಟಿ ಹೊರಬರುವುದೂ ಸುಲಭಕ್ಕಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಮಧ್ಯಾಹ್ನ ಎರಡೂವರೆಗೆ ಫೋನ್ ಮಾಡುತ್ತೇನೆ ಅಂತ ಕ್ಲಾರಾಗೆ ಮಾತು ಕೊಟ್ಟಿದ್ದಾನೆ. ತಾಯಿ ಬೇಡ ಅಂದಳು. ಜೀವದ ಗೆಳೆಯ ಆಂಜಿ ನಾಯಿ ಅಂದ. ಕಟ್ಟೆಯವರು ನಕ್ಕರು. ಎರಡೂವರೆ ಆಯಿತು, ಸಂಜೆಯಾಯಿತು, ರಾತ್ರಿಯಾಯಿತು, ಫೋನ್ ಮಾಡಲಿಲ್ಲ. ಅತ್ತ ಕ್ಲಾರಾ ಅಪ್ಪ ಅಮ್ಮನ ನಡುವೆ ಟೆಲಿವಿಷನ್ ಮುಂದೆ ಕೂತು, ಅವರಿಗೆ ಕಾಣದ ಹಾಗೆ ಅಳುತ್ತಾಳೆ. ಕೊನೆಗೆ ಗೆಳೆಯರ 'ಏನ್ ಮಾಡೋಣ' ಮತ್ತೆ ಶುರುವಾದಾಗ ಮಾರ್ಟಿಗೆ ರೇಗಿಹೋಗುತ್ತದೆ. ನಿಮಗೆ ಹಿಡಿಸದಿದ್ದರೆ ಬಿಡಿ, ನನಗೆ ಅವಳ ಜೊತೆ ಸಂತೋಷವಾಗಿತ್ತು ಅಂತ ಕೂಗಾಡಿ ಫೋನಿನ ಗೂಡಿಗೆ ನುಗ್ಗುತ್ತಾನೆ. ಹೋಗುವ ಮುಂಚೆ ಆಂಜಿಯನ್ನು, ನಿನ್ನ ಮದುವೆ ಯಾವಾಗ, ನಾಚಿಕೆಯಾಗಲ್ವಾ ಅಂತ ತನ್ನ ಗಿರಾಕಿಗಳ ದನಿಯಲ್ಲೇ ಕೆಣಕುತ್ತಾನೆ. ಗೂಡಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಚಿತ್ರ ಮುಗಿಯಿತು. ನಮ್ಮ ಹುಡುಗರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳು ಹೇಳಲಾರೆ.

ತಟ್ಟಿದ ಕೈ ಇಳಿಸಿದ ಮೇಲೆ ಒಂದು ವಿಷಯ. ಮಾರ್ಟಿಯನ್ನು ತಡೆದದ್ದು ನಾಚಿಕೆ ಒಂದೇ. ನಾಚಿಕೆ ಬಿಟ್ಟ, ಗೆದ್ದ. ಇದೇ 1955ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಈ ಚಿತ್ರ ನೋಡಿ ಕಣ್ಣೊರೆಸಿಕೊಂಡಿತು. ಅದೇ ಆಗಸ್ಟ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕರಿಯ ಹುಡುಗನನ್ನು, ಅಂಗಡಿಯೊಂದರಲ್ಲಿ ಬಿಳಿ ಹೆಂಗಸಿನ ಜೊತೆ ಮರ್ಯಾದೆ ತಪ್ಪಿದ ಎಂಬ ಆರೋಪ ಹೊರಿಸಿ, ಚಚ್ಚಿ ಕೊಂದು ನದಿಗೆ ಎಸೆದರು. ಕೊಂದವರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಸೆಪ್ಟೆಂಬರಿನಲ್ಲಿ ಬಿಟ್ಟು ಕಳಿಸಿತು. ಕರಿಯರು ಬಿಳಿಯರ ಪ್ರೇಮವನ್ನು ತೆರೆಯ ಮೇಲೆ ತೋರಿಸಕೂಡದು ಅನ್ನುವುದು ಆಗ ಹಾಲಿವುಡ್ಡಿನ ಲಿಖಿತ ನಿಯಮ. ಅವರ ಮದುವೆಯನ್ನು ಅಪರಾಧ ಮಾಡಿದ್ದ ಕಾನೂನುಗಳನ್ನು ಅಲ್ಲಿಯ ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 1967ರಲ್ಲಿ. ಆಗಲೂ ಹದಿನಾರು ರಾಜ್ಯಗಳಲ್ಲಿ ಅವು ಜಾರಿಯಲ್ಲಿದ್ದವು. 'ಮಾರ್ಟಿ'ಯ ಬ್ರಾಂಕ್ಸಿನ ಪ್ರೇಮಿಗಳ ಬೀದಿಯಲ್ಲಿ ಈ ಸುದ್ದಿಗೆ ಜಾಗವೇ ಇಲ್ಲ. ಮಾರ್ಟಿ ಇಟಲಿಯವನು, ಕ್ಲಾರಾ ಇಟಲಿಯವಳಲ್ಲ, ಅಷ್ಟು ದೂರದವರೆಗೆ ಮಾತ್ರ ಈ ಸಿನಿಮಾದ ಧೈರ್ಯ. ಆಚೆಗೆ ಹೋದರೆ ಗೆಳೆಯರ ನಗೆಯಲ್ಲ, ಹಗ್ಗ ಕಾದಿತ್ತು. ನಮ್ಮ ಕಡೆ ಏನು ಕಾದಿರುತ್ತೆ ಅನ್ನೋದನ್ನು ಪೇಪರಿನ ಒಳಪುಟದ ಸಣ್ಣ ಸುದ್ದಿಗಳಲ್ಲಿ ಓದುತ್ತೀರಿ. ಅಲ್ಲಿ ಫೋನಿನ ಗೂಡಿಗೆ ನುಗ್ಗುವ ಧೈರ್ಯ ಸಾಲದು. ಪೊಲೀಸ್ ಠಾಣೆಯ ತನಕ ಜೊತೆಗೆ ಬರುವ ನಾಲ್ಕು ಜನ ಬೇಕು, ರಾತ್ರಿ ಉಳಿಯಲು ಒಂದು ಮನೆ ಬೇಕು, ಸಾಕ್ಷಿ ಸಹಿ ಹಾಕುವ ಕೈ ಬೇಕು. ನಮ್ಮ ಸಂಘಟನೆಗಳ ಗೆಳ್ಯಾರು ಈ ಕೆಲಸ ಮಾಡಿದವರಿದ್ದಾರೆ. ಹಾಗೆಯೇ, ವೇದಿಕೆಯ ಮೇಲೆ ಅಂತರ್ಜಾತಿ ಮದುವೆಯ ಭಾಷಣ ಮಾಡಿ ತಮ್ಮ ತಮ್ಮನಿಗೆ ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ತಿಂದು, ಬಣ್ಣ ಸ್ವಲ್ಪ ಕಮ್ಮಿ ಅಂದು ಬಂದವರೂ ಇದ್ದಾರೆ. ಹೆಸರು ಬರೆಯೋದಿಲ್ಲ. ಓದುತ್ತಿರುವಾಗ ಅವರಿಗೇ ಗೊತ್ತಾಗುತ್ತೆ.

ಅವತ್ತು ಎಲ್ಲರೂ ಹೊರಟ ಮೇಲೆ ಬೆಂಚು ಎತ್ತಿಡಲು ಆ ಟೀಚರು ನಿಂತರು. ಪಂಚೆ ಮಡಿಸುತ್ತಾ, "ಅವನು ಫೋನ್ ಮಾಡಿದ್ದು ತೋರಿಸಿದ್ರು ಮೇಷ್ಟ್ರೇ, ಅವಳು ಎತ್ತಿದ್ದು ತೋರಿಸಲಿಲ್ಲ," ಅಂದರು.

ಎತ್ತಿರ್ತಾಳೆ ಬಿಡಿ ಅಂದೆ.

"ನಿಮಗೆ ಹ್ಯಾಗೆ ಗೊತ್ತು? ಮಧ್ಯಾಹ್ನ ಎರಡೂವರೆಯಿಂದ ಕಾದವಳು ಅವಳು. ಇಷ್ಟೊತ್ತು ಎಲ್ಲಿದ್ದೆ ಅಂತ ಮೊದಲು ಕೇಳಬೇಕಲ್ಲ." ಪ್ರೊಜೆಕ್ಟರಿನ ವೈರು ಸುತ್ತಿ ನನ್ನ ಕೈಗೆ ಕೊಟ್ಟರು. "ಮುಂದಿನ ತಿಂಗಳು ಆ ಸ್ಪೇನಿಂದು ತನ್ನಿ. ಇವರು ಅದಕ್ಕೂ ಚಪ್ಪಾಳೆ ತಟ್ತಾರಾ ನೋಡಬೇಕು."